ಮೂರು ಚಕ್ರಗಳ ಲೆಕ್ಕ

ಕಳೆದ ವರ್ಷ ಮಳೆಗಾಲದ ಒಂದು ಸಂಜೆ ನಮ್ಮ ಧರ್ಮಕೇಂದ್ರದ ತಾಯಿಯೊಬ್ಬರು ತಮ್ಮ ಮಗನನ್ನು ಕರೆದುಕೊಂಡು ನನ್ನಲ್ಲಿಗೆ ಬಂದರು. ಹುಡುಗನಿಗೆ ಇಪ್ಪತ್ತಾರು ವರ್ಷ. ಪ್ರವಾಸಿ ಹಡಗೊಂದರ ಅಡಿಗೆಮನೆಯಲ್ಲಿ ಅವನಿಗೆ ಕೆಲಸ. ಎಂಟು ತಿಂಗಳ ದುಡಿಮೆ ಮುಗಿಸಿ ರಜೆಯಲ್ಲಿ ಬಂದವನು ಗೆಳೆಯರೊಂದಿಗೆ ಗೋವೆಗೆ ಹೋಗಿದ್ದ. ಅಲ್ಲಿ ಮಾಂಡೋವಿ ನದಿಯಲ್ಲಿ ಲಂಗರು ಹಾಕಿ ನಿಂತ ಕ್ಯಾಸಿನೊ ಹಡಗೊಂದರಲ್ಲಿ ಒಂದು ರಾತ್ರಿ ಕಳೆದು, ಮನೆಯ ಮಾಡಿಗೆ ಹೊಸ ಹಂಚು ಹಾಕಿಸಲೆಂದು ತೆಗೆದಿಟ್ಟಿದ್ದ ಹಣದ ಹೆಚ್ಚಿನ ಪಾಲನ್ನು ಸ್ಲಾಟ್ ಮಷೀನಿಗೆ ಸುರಿದು ಬಂದಿದ್ದ. "ಫಾದರ್, ಇವನಿಗೆ ನೀವಾದರೂ ನಾಲ್ಕು ಬುದ್ಧಿಮಾತು ಹೇಳಿ" ಎಂದು ಆ ತಾಯಿ ಸೆರಗಿನಿಂದ ಕಣ್ಣೊರೆಸಿಕೊಂಡರು.

ಬುದ್ಧಿಮಾತು ಹೇಳುವ ಮೊದಲೇ ಹುಡುಗ ನನ್ನನ್ನೊಂದು ಪ್ರಶ್ನೆ ಕೇಳಿದ. "ಫಾದರ್, ನಾನು ಕೂತಿದ್ದ ಮಷೀನು ಸಂಜೆಯಿಂದ ಯಾರಿಗೂ ದೊಡ್ಡ ಬಹುಮಾನ ಕೊಟ್ಟಿರಲಿಲ್ಲ. ಎರಡು ಸಲ ಇನ್ನೇನು ಬಂದೇ ಬಿಟ್ಟಿತು ಅನ್ನುವಷ್ಟರಲ್ಲಿ ಒಂದೇ ಗೆರೆಯಿಂದ ತಪ್ಪಿತು. ಹಾಗಾದರೆ ಅದು ಕೊಡುವ ಸಮಯ ಹತ್ತಿರ ಬಂದಿತ್ತಲ್ಲವೇ? ನಾನೇ ಬೇಗ ಎದ್ದು ಬಿಟ್ಟೆನೋ ಏನೋ?"

ಪ್ರಿಯ ಓದುಗರೇ, ಹಣ ಕಳೆದುಕೊಂಡ ಸುದ್ದಿಗಿಂತ ಈ ಪ್ರಶ್ನೆ ನನ್ನನ್ನು ಹೆಚ್ಚು ಕಾಡಿತು. ಕುಳಿತದ್ದಕ್ಕಾಗಿ ಅವನಿಗೆ ಪಶ್ಚಾತ್ತಾಪವಿರಲಿಲ್ಲ, ಎದ್ದದ್ದಕ್ಕಾಗಿ ಇತ್ತು. ನನ್ನಲ್ಲಿ ಅಂದು ಉತ್ತರವಿರಲಿಲ್ಲ. ಜೂಜಿನ ಕೆಡುಕಿನ ಬಗ್ಗೆ ನಾನು ಹಲವು ಪ್ರಬೋಧನೆಗಳನ್ನು ಮಾಡಿದ್ದೇನೆ. ಆದರೆ ಆ ಯಂತ್ರದ ಒಳಗೆ ಏನಿದೆ ಎಂದು ಒಮ್ಮೆಯೂ ವಿಚಾರಿಸಿರಲಿಲ್ಲ. ಮುಂದಿನ ಕೆಲವು ವಾರ ಅದರ ಚರಿತ್ರೆಯನ್ನು ಓದಿದೆ. ತಾಯಿ ಮಗ ಇಬ್ಬರ ಒಪ್ಪಿಗೆ ಪಡೆದು, ಓದಿ ತಿಳಿದದ್ದನ್ನು ಇಲ್ಲಿ ನಿಮ್ಮ ಮುಂದಿಡುತ್ತಿದ್ದೇನೆ.

ಈ ಯಂತ್ರ ಹುಟ್ಟಿದ್ದು ಅಮೆರಿಕದ ಮದ್ಯದಂಗಡಿಗಳಲ್ಲಿ. 1891ರಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಸಿಟ್‌ಮನ್ ಮತ್ತು ಪಿಟ್ ಎಂಬ ಸಂಸ್ಥೆ ಐದು ಉರುಳೆಗಳ ಒಂದು ಪೆಟ್ಟಿಗೆಯನ್ನು ತಯಾರಿಸಿತು. ಪ್ರತಿ ಉರುಳೆಯಲ್ಲಿ ಹತ್ತರಂತೆ ಐವತ್ತು ಇಸ್ಪೀಟೆಲೆಗಳು. ಐದು ಸೆಂಟಿನ ನಿಕ್ಕಲ್ ನಾಣ್ಯವನ್ನು ಹಾಕಿ ಹಿಡಿಕೆ ಎಳೆದರೆ ಉರುಳೆಗಳು ತಿರುಗಿ, ಪೋಕರ್ ಆಟದ ಐದು ಎಲೆಗಳಂತೆ ಒಂದು ಸಾಲು ಕಾಣಿಸಿಕೊಳ್ಳುತ್ತಿತ್ತು. ಗೆದ್ದರೆ ಯಂತ್ರ ಏನನ್ನೂ ಕೊಡುತ್ತಿರಲಿಲ್ಲ. ಅಂಗಡಿಯವನು ಸಾಲನ್ನು ನೋಡಿ ಒಂದು ಲೋಟ ಬಿಯರ್, ಇಲ್ಲವೇ ಒಂದೆರಡು ಚುಟ್ಟಾ ಕೊಡುತ್ತಿದ್ದ. ನಮ್ಮ ಗಮನಕ್ಕೆ ಬರಬೇಕಾದ ಸಂಗತಿಯೊಂದು ಇಲ್ಲಿಯೇ ಇದೆ. ಇಸ್ಪೀಟಿನ ಕಟ್ಟಿನಲ್ಲಿರುವುದು ಐವತ್ತೆರಡು ಎಲೆ. ಹೊರಗುಳಿದ ಎರಡು ಎಲೆಗಳು ಸಾಮಾನ್ಯವಾಗಿ ಸ್ಪೇಡಿನ ಹತ್ತು ಮತ್ತು ಹಾರ್ಟಿನ ಜಾಕ್ ಆಗಿರುತ್ತಿದ್ದವು. ಈ ಎರಡು ಇಲ್ಲದೆ ಹೋದರೆ ಪೋಕರಿನ ಅತಿ ದೊಡ್ಡ ಕೈ ಒದಗಿ ಬರುವ ನಾಲ್ಕು ದಾರಿಗಳಲ್ಲಿ ಎರಡು ಮುಚ್ಚಿಹೋಗುತ್ತವೆ. ಯಂತ್ರ ಇನ್ನೂ ತೊಟ್ಟಿಲಲ್ಲಿದ್ದಾಗಲೇ ಅದರಿಂದ ಎರಡು ಎಲೆ ಕಾಣೆಯಾಗಿದ್ದವು!

ಯಂತ್ರವೇ ಗೆಲುವನ್ನು ಗುರುತಿಸಿ ಯಂತ್ರವೇ ಹಣ ಎಣಿಸಿ ಕೊಡಬೇಕೆಂಬ ಯೋಚನೆಯನ್ನು ಸಾಧಿಸಿ ಹೆಸರಾದವನು ಚಾರ್ಲ್ಸ್ ಫೇ. ಜರ್ಮನಿಯ ಬವೇರಿಯಾದಲ್ಲಿ 1862ರಲ್ಲಿ ಹುಟ್ಟಿ, ದೇಶ ಬಿಟ್ಟು ಸ್ಯಾನ್ ಫ್ರಾನ್ಸಿಸ್ಕೊ ಸೇರಿದ ಕುಶಲಕರ್ಮಿ ಈತ. ಪೋಕರಿನಲ್ಲಿ ಗೆಲ್ಲುವ ಜೋಡಣೆಗಳು ಲೆಕ್ಕವಿಲ್ಲದಷ್ಟು. ಅವನ್ನೆಲ್ಲ ಗುರುತಿಸುವಂತೆ ಹಲ್ಲು ಮತ್ತು ಸ್ಪ್ರಿಂಗುಗಳನ್ನು ಜೋಡಿಸುವುದು ಅಂದಿಗೆ ಆಗದ ಮಾತು. ಫೇ ಐದು ಉರುಳೆಗಳನ್ನು ಮೂರು ಚಕ್ರಗಳಿಗೆ ಇಳಿಸಿದ. ಐವತ್ತು ಎಲೆಗಳ ಬದಲು ಐದೇ ಚಿಹ್ನೆಗಳನ್ನಿಟ್ಟ. ಕುದುರೆ ಲಾಳ, ಸ್ಪೇಡ್, ಡೈಮಂಡ್, ಹಾರ್ಟ್, ಮತ್ತು ಒಡಕು ಬಿಟ್ಟ ಒಂದು ಗಂಟೆ. ಆ ಗಂಟೆ ಫಿಲಡೆಲ್ಫಿಯಾ ನಗರದಲ್ಲಿರುವ, ಅಮೆರಿಕನ್ನರು ತಮ್ಮ ಸ್ವಾತಂತ್ರ್ಯದ ಗುರುತೆಂದು ಗೌರವಿಸುವ ಗಂಟೆಯೇ. 1890ರ ದಶಕದಲ್ಲಿ ರೂಪುಗೊಂಡ ಈ ಯಂತ್ರಕ್ಕೆ ಅದರಿಂದಾಗಿ 'ಲಿಬರ್ಟಿ ಬೆಲ್' ಎಂದೇ ಹೆಸರಾಯಿತು. ಮೂರು ಗಂಟೆಗಳು ಒಂದೇ ಸಾಲಿನಲ್ಲಿ ನಿಂತರೆ ಹತ್ತು ನಿಕ್ಕಲ್, ಎಂದರೆ ಐವತ್ತು ಸೆಂಟ್.

ಫೇ ತನ್ನ ಯಂತ್ರಗಳನ್ನು ಮಾರಲಿಲ್ಲ. ಮದ್ಯದಂಗಡಿಗಳಲ್ಲಿ ಇಟ್ಟು, ಬಂದದ್ದರಲ್ಲಿ ಅರ್ಧ ತನಗೆ, ಅರ್ಧ ಅಂಗಡಿಯವನಿಗೆ ಎಂಬ ಒಪ್ಪಂದ ಮಾಡಿಕೊಂಡ. ಒಳಗೆ ಏನಿದೆ ಎಂದು ಇನ್ನೊಬ್ಬರಿಗೆ ತಿಳಿಯಬಾರದೆಂಬುದು ಅವನ ಎಣಿಕೆ. ಆದರೆ 1905ರಲ್ಲಿ ಒಂದು ಅಂಗಡಿಯಿಂದ ಯಂತ್ರವೊಂದು ಕಳುವಾಯಿತು. ಬಹಳ ದಿನ ಕಳೆಯುವ ಮುನ್ನವೇ ಷಿಕಾಗೊದ ಮಿಲ್ಸ್ ನಾವೆಲ್ಟಿ ಕಂಪನಿ ಅದೇ ಹೆಸರಿನ, ಅದೇ ಬಗೆಯ ಯಂತ್ರಗಳನ್ನು ಮಾರುಕಟ್ಟೆಗೆ ತಂದಿತು. 1906ರ ಭೂಕಂಪದಲ್ಲಿ ಫೇಯ ಕಾರ್ಯಾಗಾರವೂ ನಾಶವಾಯಿತು.

ಆ ಕಬ್ಬಿಣದ ಪೆಟ್ಟಿಗೆಯ ಒಳಗನ್ನು ಸ್ವಲ್ಪ ನೋಡೋಣ. ನಾಣ್ಯ ಬಿದ್ದೊಡನೆ ಹಿಡಿಕೆಯ ಬೀಗ ಸಡಿಲವಾಗುತ್ತದೆ. ಹಿಡಿಕೆಯನ್ನು ಎಳೆದಾಗ ಸ್ಪ್ರಿಂಗು ಬಿಗಿಯುತ್ತದೆ. ಬಿಟ್ಟಾಗ ಅದು ಮೂರೂ ಚಕ್ರಗಳನ್ನು ಒದ್ದು ತಿರುಗಿಸುತ್ತದೆ. ಗಡಿಯಾರದ ಹಲ್ಲುಚಕ್ರಗಳಂಥ ಒಂದು ಜೋಡಣೆ ಮೊದಲು ಎಡದ ಚಕ್ರವನ್ನು, ಆಮೇಲೆ ನಡುವಿನದನ್ನು, ಕೊನೆಗೆ ಬಲದ್ದನ್ನು ತಡೆದು ನಿಲ್ಲಿಸುತ್ತದೆ. ಪ್ರತಿ ಚಕ್ರದೊಂದಿಗೆ ರಂಧ್ರಗಳಿರುವ ತಟ್ಟೆಯೊಂದು ತಿರುಗುತ್ತಿರುತ್ತದೆ. ಚಕ್ರಗಳು ನಿಂತ ಮೇಲೆ ಲೋಹದ ಬೆರಳುಗಳು ಮುಂದೆ ಚಾಚಿ ಆ ತಟ್ಟೆಗಳನ್ನು ತಡವುತ್ತವೆ. ಮೂರರಲ್ಲೂ ರಂಧ್ರ ನೇರಕ್ಕೆ ಬಂದಿದ್ದರೆ ಬೆರಳು ಒಳಹೊಗುತ್ತದೆ. ಆಗ ಕೊಳವೆಯಲ್ಲಿ ಒಂದರ ಮೇಲೊಂದು ಕುಳಿತ ನಾಣ್ಯಗಳಿಂದ ಗೊತ್ತಾದಷ್ಟು ಕೆಳಗಿನ ತಟ್ಟೆಗೆ ಬೀಳುತ್ತವೆ. ಕುರುಡನು ಬೆರಳಿನಿಂದ ಬ್ರೈಲ್ ಓದುವಂತೆ ಯಂತ್ರ ತನ್ನ ಸಾಲನ್ನು ತಾನೇ ಓದಿಕೊಳ್ಳುತ್ತದೆ. ಮನುಷ್ಯನ ಜಾಣ್ಮೆಯನ್ನು ಇಲ್ಲಿ ಮೆಚ್ಚದಿರಲಾಗದು.

ಅಂದಿನ ಯಂತ್ರದ ಲೆಕ್ಕವನ್ನು ಯಾರೂ ಮಾಡಬಹುದಿತ್ತು. ಒಂದೊಂದು ಚಕ್ರದಲ್ಲಿ ಹತ್ತು ಸ್ಥಾನಗಳಿದ್ದರೆ ಮೂರು ಚಕ್ರಗಳು ನಿಲ್ಲಬಹುದಾದ ರೀತಿಗಳು ಹತ್ತನ್ನು ಹತ್ತರಿಂದ, ಮತ್ತೆ ಹತ್ತರಿಂದ ಗುಣಿಸಿದಷ್ಟು, ಎಂದರೆ ಒಂದು ಸಾವಿರ. ಪ್ರತಿ ಚಕ್ರದಲ್ಲಿ ಗಂಟೆ ಒಂದೇ ಇದ್ದರೆ ಮೂರು ಗಂಟೆಗಳು ಕೂಡಿ ಬರುವುದು ಸಾವಿರದಲ್ಲಿ ಒಂದು ರೀತಿಯಲ್ಲಿ ಮಾತ್ರ. ಮಿಲ್ಸ್ ಕಂಪನಿ ಚಕ್ರದ ಸ್ಥಾನಗಳನ್ನು ಇಪ್ಪತ್ತಕ್ಕೆ ಏರಿಸಿತು. ಸಾವಿರವಿದ್ದದ್ದು ಎಂಟು ಸಾವಿರವಾಯಿತು. ಜೊತೆಗೆ ಗಾಜಿನ ಕಿಟಕಿಯನ್ನು ಅಗಲ ಮಾಡಿ, ಗೆಲುವಿನ ಸಾಲಿನ ಮೇಲಿನ ಸಾಲು ಮತ್ತು ಕೆಳಗಿನ ಸಾಲು ಕೂಡ ಕಾಣುವಂತೆ ಮಾಡಿತು. ಆಟಗಾರನಿಗೆ ಇದರಿಂದ ಸಿಕ್ಕಿದ್ದೇನು? ತಾನು ಎಷ್ಟು ಹತ್ತಿರದಲ್ಲಿ ತಪ್ಪಿದೆ ಎಂಬ ನೋಟ. ನಮ್ಮ ಹುಡುಗ ಹೇಳಿದ "ಒಂದೇ ಗೆರೆಯಿಂದ ತಪ್ಪಿತು" ಎಂಬ ಮಾತಿಗೆ ನೂರು ವರ್ಷಕ್ಕೂ ಮಿಕ್ಕ ವಯಸ್ಸಾಗಿದೆ.

ಸರಕಾರಗಳು ಸುಮ್ಮನಿರಲಿಲ್ಲ. ಸ್ಯಾನ್ ಫ್ರಾನ್ಸಿಸ್ಕೊ ನಗರ 1909ರಲ್ಲಿ, ಇಡೀ ಕ್ಯಾಲಿಫೋರ್ನಿಯಾ 1911ರಲ್ಲಿ ಈ ಯಂತ್ರಗಳನ್ನು ನಿಷೇಧಿಸಿದವು. ತಯಾರಕರು ಒಂದು ಉಪಾಯ ಹೂಡಿದರು. ಇದು ಜೂಜಿನ ಯಂತ್ರವಲ್ಲ, ಚೂಯಿಂಗ್ ಗಮ್ ಮಾರುವ ಯಂತ್ರ ಎಂದರು! ಚಕ್ರಗಳ ಮೇಲೆ ಚೆರ್ರಿ, ನಿಂಬೆ, ಕಿತ್ತಳೆ, ಪ್ಲಮ್ ಹಣ್ಣುಗಳ ಚಿತ್ರ ಬಂದದ್ದು ಹೀಗೆ. ಅವು ಗಮ್ಮಿನ ರುಚಿಗಳನ್ನು ಸೂಚಿಸುತ್ತಿದ್ದವು. ಇಂದಿಗೂ ಈ ಯಂತ್ರಗಳಲ್ಲಿ ಕಾಣುವ 'ಬಾರ್' ಎಂಬ ಕಪ್ಪು ಪಟ್ಟಿ ಒಂದು ಗಮ್ ಕಂಪನಿಯ ಗುರುತಿನಿಂದ ಬಂದದ್ದೆಂದು ಹೇಳುತ್ತಾರೆ. ಇಂಗ್ಲೆಂಡಿನಲ್ಲಿ ಇದನ್ನು ಈಗಲೂ ಹಣ್ಣಿನ ಯಂತ್ರವೆಂದೇ ಕರೆಯುವುದು.

1934ರಲ್ಲಿ ನ್ಯೂಯಾರ್ಕಿನ ಮೇಯರ್ ಫಿಯೊರೆಲ್ಲೊ ಲಾಗಾರ್ಡಿಯ ಅಧಿಕಾರಕ್ಕೆ ಬಂದ ವರ್ಷವೇ ನಗರದ ಸ್ಲಾಟ್ ಮಷೀನುಗಳನ್ನು ವಶಪಡಿಸಿಕೊಂಡು, ಪತ್ರಿಕಾ ಛಾಯಾಗ್ರಾಹಕರ ಮುಂದೆ ಸ್ವತಃ ಸುತ್ತಿಗೆ ಹಿಡಿದು ಒಡೆದು, ಸಮುದ್ರಕ್ಕೆ ಹಾಕಿಸಿದರು. ಆ ಯಂತ್ರಗಳ ದಂಧೆ ನಡೆಸುತ್ತಿದ್ದ ಫ್ರಾಂಕ್ ಕಾಸ್ಟೆಲೊ ತನ್ನ ವ್ಯಾಪಾರವನ್ನು ದಕ್ಷಿಣದ ನ್ಯೂ ಆರ್ಲಿಯನ್ಸ್ ನಗರಕ್ಕೆ ಸಾಗಿಸಿದ. ಒಂದು ಊರಿನವರು ಹೊರಗಟ್ಟಿದ್ದನ್ನು ಇನ್ನೊಂದು ಊರಿನವರು ಬರಮಾಡಿಕೊಂಡರು. ನೆವಾಡ ರಾಜ್ಯವಂತೂ 1931ರಲ್ಲಿಯೇ ಜೂಜನ್ನು ಕಾನೂನುಬದ್ಧಗೊಳಿಸಿತ್ತು. ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ 1956ರಲ್ಲಿ ನೋಂದಾಯಿತ ಕ್ಲಬ್ಬುಗಳಿಗೆ ಅನುಮತಿ ನೀಡಿತು. ಸಿಡ್ನಿಯಲ್ಲಿ ನೆಲೆಸಿರುವ ನಮ್ಮ ಕಡೆಯ ಕುಟುಂಬಗಳನ್ನು ಕೇಳಿ ನೋಡಿ, 'ಪೋಕೀಸ್' ಎಂದರೆ ಏನೆಂದು ಅವರು ತಟ್ಟನೆ ಹೇಳುತ್ತಾರೆ.

ಕೊಳವೆಯಲ್ಲಿ ಹಿಡಿಯುವಷ್ಟೇ ನಾಣ್ಯಗಳನ್ನು ಕೊಡಬಲ್ಲ ಯಂತ್ರಕ್ಕೆ ದೊಡ್ಡ ಬಹುಮಾನ ಸಾಧ್ಯವಿರಲಿಲ್ಲ. ಆ ಮಿತಿಯನ್ನು 1960ರ ದಶಕದ ಆರಂಭದಲ್ಲಿ ಬ್ಯಾಲಿ ಕಂಪನಿಯ 'ಮನಿ ಹನಿ' ಎಂಬ ಯಂತ್ರ ದಾಟಿತು. ವಿದ್ಯುತ್ತಿನಿಂದ ನಡೆಯುವ ಈ ಯಂತ್ರದ ತಳದಲ್ಲಿ ಹಾಪರ್ ಎಂಬ ದೊಡ್ಡ ಬೋಗುಣಿಯಿತ್ತು. ಅದು ಯಾರ ಸಹಾಯವೂ ಇಲ್ಲದೆ ಐನೂರು ನಾಣ್ಯಗಳವರೆಗೆ ಎಣಿಸಿ ಸುರಿಯಬಲ್ಲದಾಗಿತ್ತು. ಲೋಹದ ತಟ್ಟೆಯ ಮೇಲೆ ನಾಣ್ಯಗಳು ಬೀಳುವ ಸದ್ದು ಸಭಾಂಗಣದ ಮೂಲೆಮೂಲೆಗೂ ಕೇಳಿಸುತ್ತಿತ್ತು. ಸೋತವರ ನಾಣ್ಯ ಮೆತ್ತಗೆ ಒಳಗಿಳಿಯುತ್ತದೆ, ಗೆದ್ದವನ ನಾಣ್ಯ ಡಂಗುರ ಸಾರುತ್ತದೆ. ಹಾಗಾಗಿ ಅಲ್ಲಿ ಕುಳಿತವನಿಗೆ ಎಲ್ಲರೂ ಗೆಲ್ಲುತ್ತಿರುವಂತೆ ತೋರುತ್ತದೆ. ಇಂದು ಹೆಚ್ಚಿನ ಕಡೆ ನಾಣ್ಯವೇ ಇಲ್ಲ. ನೋಟು ಹಾಕಿದರೆ ತೆರೆಯ ಮೇಲೆ ಅಂಕಿ ಮೂಡುತ್ತದೆ. ಏಳುವಾಗ ಉಳಿದ ಮೊತ್ತ ಬರೆದ ಚೀಟಿ ಹೊರಬರುತ್ತದೆ. ಅದನ್ನು ಕೌಂಟರಿನಲ್ಲಿ ಕೊಟ್ಟು ಹಣ ಪಡೆಯಬೇಕು. ಬಹುಮಾನ ಬಹಳ ದೊಡ್ಡದಾಗಿದ್ದರೆ ಯಂತ್ರ ತಾನಾಗಿ ನಿಂತುಬಿಡುತ್ತದೆ, ತಲೆಯ ಮೇಲಿನ ದೀಪ ಮಿನುಗುತ್ತದೆ, ಸಿಬ್ಬಂದಿ ಬಂದು ಗುರುತುಪತ್ರ ನೋಡಿ ಕೈಯಾರೆ ಪಾವತಿ ಮಾಡುತ್ತಾರೆ. ತೆರಿಗೆಯ ಕಾರಣಕ್ಕಾಗಿ ಅಮೆರಿಕದಲ್ಲಿ ಬಹುಕಾಲ ಈ ಗಡಿ 1,200 ಡಾಲರ್ ಆಗಿತ್ತು. ನಮ್ಮ ದೇಶದಲ್ಲಿ ಇಂಥ ಗೆಲುವಿನ ಮೇಲಿನ ಆದಾಯ ತೆರಿಗೆ ಶೇಕಡ 30; ಸೋತದ್ದನ್ನು ಅದರಿಂದ ಕಳೆಯಲು ಅವಕಾಶವಿಲ್ಲ.

ಈಗ ಚರಿತ್ರೆಯ ಮುಖ್ಯ ತಿರುವಿಗೆ ಬರುತ್ತೇನೆ. ಎಪ್ಪತ್ತರ ದಶಕದಲ್ಲಿ ಯಂತ್ರದೊಳಗೆ ಗಣಕ ಸೇರಿಕೊಂಡಿತು. ಮಾಲೀಕರಿಗೆ ಲಕ್ಷಗಟ್ಟಲೆ ಡಾಲರಿನ ಬಹುಮಾನ ಘೋಷಿಸುವ ಆಸೆ. ಆದರೆ ಅಷ್ಟು ದೊಡ್ಡ ಬಹುಮಾನ ಕೊಟ್ಟೂ ಲಾಭ ಉಳಿಯಬೇಕಾದರೆ ಗೆಲುವು ಅತಿ ವಿರಳವಾಗಬೇಕು. ಅದಕ್ಕೆ ಚಕ್ರದ ಸ್ಥಾನಗಳನ್ನು ಹೆಚ್ಚಿಸಬೇಕು, ಇಲ್ಲವೇ ಚಕ್ರಗಳ ಸಂಖ್ಯೆಯನ್ನು ಹೆಚ್ಚಿಸಬೇಕು. ದೊಡ್ಡ ಚಕ್ರವನ್ನೋ ಐದಾರು ಚಕ್ರಗಳನ್ನೋ ಕಂಡರೆ ಜನ ಹತ್ತಿರ ಬರುವುದಿಲ್ಲ. ತಮಗೆ ಅವಕಾಶ ಕಡಿಮೆಯೆಂದು ಕಣ್ಣೇ ಹೇಳಿಬಿಡುತ್ತದೆ. ನಾರ್ವೆ ಮೂಲದ ಇಂಗೆ ಟೆಲ್ನೇಸ್ ಎಂಬಾತ ಇದಕ್ಕೆ ಪರಿಹಾರ ಕಂಡುಹಿಡಿದ. 1984ರ ಮೇ ತಿಂಗಳಲ್ಲಿ ಅವನಿಗೆ ಅಮೆರಿಕದ ಪೇಟೆಂಟ್ ದೊರೆಯಿತು.

ಅವನ ಯೋಜನೆ ಹೀಗಿದೆ. ಕಣ್ಣಿಗೆ ಕಾಣುವ ಚಕ್ರದಲ್ಲಿ ಇಪ್ಪತ್ತೆರಡು ಸ್ಥಾನಗಳಿರಲಿ. ಗಣಕದ ನೆನಪಿನಲ್ಲಿ ಮಾತ್ರ ಇರುವ ಇನ್ನೊಂದು ಚಕ್ರಕ್ಕೆ ಅರವತ್ತನಾಲ್ಕು ಸ್ಥಾನಗಳಿರಲಿ. ಗುಂಡಿ ಒತ್ತಿದ ಕ್ಷಣದಲ್ಲಿ ಗಣಕ ಈ ಅರವತ್ತನಾಲ್ಕರಲ್ಲಿ ಒಂದು ಅಂಕಿಯನ್ನು ಆರಿಸುತ್ತದೆ. ಯಾವ ಅಂಕಿ ಬಂದರೆ ಕಾಣುವ ಚಕ್ರ ಎಲ್ಲಿ ನಿಲ್ಲಬೇಕೆಂದು ಒಂದು ಪಟ್ಟಿ ಮೊದಲೇ ಸಿದ್ಧವಾಗಿರುತ್ತದೆ. ದೊಡ್ಡ ಬಹುಮಾನದ ಚಿಹ್ನೆಗೆ ಅರವತ್ತನಾಲ್ಕರಲ್ಲಿ ಒಂದೇ ಅಂಕಿ. ಖಾಲಿ ಸ್ಥಾನಗಳಿಗೆ ಒಂದೊಂದಕ್ಕೆ ನಾಲ್ಕೈದು ಅಂಕಿಗಳು. ಚಕ್ರಗಳು ಇನ್ನೂ ತಿರುಗುತ್ತಿರುವಾಗಲೇ ಫಲಿತಾಂಶ ನಿರ್ಧಾರವಾಗಿ ಹೋಗಿರುತ್ತದೆ. ತಿರುಗುವುದು ಪ್ರದರ್ಶನಕ್ಕಾಗಿ.

ಲೆಕ್ಕ ಮಾಡಿ ನೋಡಿ. ಕಣ್ಣನ್ನು ನಂಬಿದರೆ ಇಪ್ಪತ್ತೆರಡನ್ನು ಮೂರು ಸಲ ಗುಣಿಸಿ 10,648ರಲ್ಲಿ ಒಂದು ಅವಕಾಶ. ಒಳಗಿರುವ ನಿಜವಾದ ಲೆಕ್ಕದಲ್ಲಿ ಅರವತ್ತನಾಲ್ಕನ್ನು ಮೂರು ಸಲ ಗುಣಿಸಿ 2,62,144ರಲ್ಲಿ ಒಂದು. ತೋರಿಕೆಗೂ ನಿಜಕ್ಕೂ ಇಪ್ಪತ್ತನಾಲ್ಕು ಪಟ್ಟಿಗೂ ಮಿಕ್ಕ ಅಂತರ! ಇದು ನನ್ನ ಆರೋಪವಲ್ಲ. ಗೆಲುವಿನ ಅವಕಾಶ ಇರುವುದಕ್ಕಿಂತ ಹೆಚ್ಚಾಗಿದೆಯೆಂದು ಆಟಗಾರನಿಗೆ ತೋರುವಂಥ ಯಂತ್ರವನ್ನು, ಕಾನೂನಿನ ಮಿತಿಯೊಳಗೆ, ಮಾಡುವುದು ಮುಖ್ಯವೆಂದು ಆ ಪೇಟೆಂಟ್ ಪತ್ರವೇ ಬರೆದುಕೊಂಡಿದೆ.

"ಒಂದೇ ಗೆರೆಯಿಂದ ತಪ್ಪಿತು" ಎಂಬುದರ ಗುಟ್ಟೂ ಇಲ್ಲಿಯೇ ಇದೆ. ಬಹುಮಾನದ ಚಿಹ್ನೆಗೆ ತಾಗಿಕೊಂಡಿರುವ ಮೇಲಿನ ಖಾಲಿ ಸ್ಥಾನಕ್ಕೆ ಐದು, ಕೆಳಗಿನದಕ್ಕೆ ಐದು ಅಂಕಿಗಳನ್ನು ಕೊಟ್ಟರೆಂದು ಇಟ್ಟುಕೊಳ್ಳಿ. ಆಗ ಆ ಚಿಹ್ನೆ ಗೆಲುವಿನ ಗೆರೆಯ ಮೇಲೆ ಒಂದು ಸಲ ನಿಲ್ಲುವಷ್ಟರಲ್ಲಿ, ಗೆರೆಯಿಂದ ಒಂದು ಕೂದಲೆಳೆ ಮೇಲೆ ಅಥವಾ ಕೆಳಗೆ ಸರಾಸರಿ ಹತ್ತು ಸಲ ಕಾಣಿಸಿಕೊಳ್ಳುತ್ತದೆ. ಈ ಹುಸಿ ಸಾಮೀಪ್ಯದ ಪ್ರಶ್ನೆ ಒಮ್ಮೆ ನೆವಾಡದ ಜೂಜು ನಿಯಂತ್ರಣಾಧಿಕಾರಿಗಳ ಮುಂದೆಯೂ ಬಂದಿತು. ಯೂನಿವರ್ಸಲ್ ಎಂಬ ಜಪಾನಿ ಕಂಪನಿಯ ಯಂತ್ರಗಳಲ್ಲಿ ಗಣಕವು ಮೊದಲು ಸೋಲೆಂದು ನಿರ್ಧರಿಸಿ, ಆಮೇಲೆ ಇನ್ನೊಂದು ಆಜ್ಞೆಯ ಮೂಲಕ ಆ ಸೋಲನ್ನು ಗೆಲುವಿಗೆ ಸಮೀಪದ್ದಾಗಿ ತೋರಿಸುತ್ತಿತ್ತು. 1989ರಲ್ಲಿ ಇದನ್ನು ಅಲ್ಲಿ ನಿಷೇಧಿಸಿದರು. ಟೆಲ್ನೇಸ್‌ನ ಪಟ್ಟಿಯ ಪದ್ಧತಿಯನ್ನು ಮಾತ್ರ ಉಳಿಸಿಕೊಂಡರು. ಅದರಲ್ಲಿ ಎರಡನೆಯ ಆಜ್ಞೆಯಿಲ್ಲ, ಪಟ್ಟಿಯೇ ಹಾಗಿದೆ ಎಂಬುದು ವಾದ. ಕಾನೂನು ಎಳೆದ ಈ ಗೆರೆ ನನಗೆ ಬಹಳ ತೆಳುವಾಗಿ ಕಾಣುತ್ತದೆ.

ಸೆಮಿನರಿಯಲ್ಲಿ ನಮಗೆ ನೈತಿಕ ದೈವಶಾಸ್ತ್ರ ಕಲಿಸಿದ ವೃದ್ಧ ಗುರುಗಳೊಬ್ಬರು ಜೂಜಿನ ವಿಷಯ ಬಂದಾಗ ಹಳೆಯ ಶಾಸ್ತ್ರಗ್ರಂಥಗಳ ನಾಲ್ಕು ಷರತ್ತುಗಳನ್ನು ಬೆರಳು ಮಡಚಿ ಹೇಳುತ್ತಿದ್ದರು. ಪಣಕ್ಕಿಡುವ ಹಣ ನಿನ್ನದೇ ಆಗಿರಬೇಕು, ಇನ್ನೊಬ್ಬರ ಹೊಟ್ಟೆಗೆ ಸೇರಬೇಕಾದದ್ದು ಆಗಿರಬಾರದು. ನೀನು ನಿನ್ನ ಇಚ್ಛೆಯಿಂದ ಆಡಬೇಕು. ಮೋಸವಿರಬಾರದು. ಎರಡೂ ಕಡೆಯವರ ನಡುವೆ ಒಂದು ಬಗೆಯ ಸಮಾನತೆಯಿರಬೇಕು. ಮೊದಲಿನ ಮೂರು ನಮಗೆ ಸುಲಭವಾಗಿ ಅರ್ಥವಾಗಿದ್ದವು. ನಾಲ್ಕನೆಯದನ್ನು ಪರೀಕ್ಷೆಗಾಗಿ ಬಾಯಿಪಾಠ ಮಾಡಿದ್ದೆವಷ್ಟೆ. ಮೂವತ್ತು ವರ್ಷಗಳ ಮೇಲೆ, ಈ ಅರವತ್ತನಾಲ್ಕು ಸ್ಥಾನಗಳ ಚಕ್ರದ ಬಗ್ಗೆ ಓದುವಾಗ ಅದು ನನಗೆ ಅರ್ಥವಾಯಿತು. ಪ್ರತಿ ಯಂತ್ರಕ್ಕೂ ತಯಾರಕರು ಒಂದು ಲೆಕ್ಕದ ಹಾಳೆಯನ್ನು ಸಿದ್ಧಪಡಿಸುತ್ತಾರೆ. ಯಾವ ಚಿಹ್ನೆಗೆ ಎಷ್ಟು ಅಂಕಿ, ಯಾವ ಜೋಡಣೆಗೆ ಎಷ್ಟು ಹಣ, ಒಟ್ಟು ಪಣದಲ್ಲಿ ಶೇಕಡ ಎಷ್ಟು ಹಿಂದಿರುಗುತ್ತದೆ, ಎಲ್ಲವೂ ಅದರಲ್ಲಿ ಇರುತ್ತದೆ. ಮಾಲೀಕನ ಬಳಿ ಆ ಹಾಳೆಯಿದೆ, ನಿಯಂತ್ರಣಾಧಿಕಾರಿಯ ಬಳಿಯೂ ಇದೆ. ಹಣ ಹಾಕುವವನ ಬಳಿ ಇಲ್ಲ. ಹೊರಗಿನಿಂದ ಅವಳಿ ಮಕ್ಕಳಂತೆ ಕಾಣುವ ಎರಡು ಯಂತ್ರಗಳು ಒಳಗೆ ಬೇರೆ ಬೇರೆ ಪ್ರಮಾಣದಲ್ಲಿ ಹಣ ಹಿಂದಿರುಗಿಸುತ್ತಿರಬಹುದು.

ನಮ್ಮ ಧರ್ಮಕೇಂದ್ರದ ಹಬ್ಬದ ಹೌಸಿ ಹೌಸಿಯೂ ಅದೃಷ್ಟದ ಆಟವೇ ಅಲ್ಲವೇ ಎಂದು ನಿಮ್ಮಲ್ಲಿ ಕೆಲವರು ಕೇಳುವಿರಿ. ಹೌದು, ಅದೃಷ್ಟದ್ದೇ. ಆದರೆ ಅಲ್ಲಿ ಚೀಲದಲ್ಲಿ ತೊಂಬತ್ತು ಸಂಖ್ಯೆಗಳಿರುವುದು ಎದುರಿನ ಸಾಲಿನಲ್ಲಿ ಕುಳಿತ ಮಗುವಿಗೂ ಗೊತ್ತು. ಎಷ್ಟು ಟಿಕೇಟು ಹೋಯಿತು, ಬಹುಮಾನಕ್ಕೆಷ್ಟು, ಶಾಲೆಯ ಕಟ್ಟಡಕ್ಕೆಷ್ಟು ಎಂದು ಮೈಕಿನಲ್ಲಿ ಹೇಳುತ್ತಾರೆ. ಇಷ್ಟು ಹೇಳಿಯೂ, ಮನೆಯ ಖರ್ಚಿನ ಹಣದಿಂದ ಹತ್ತು ಹತ್ತು ಟಿಕೇಟು ಕೊಳ್ಳುವವರನ್ನು ಕಂಡಾಗ ನನಗೆ ಕಸಿವಿಸಿಯಾಗುವುದುಂಟು.

ಹೌಸಿಯ ನೆನಪೇ ಹುಡುಗನ ಪ್ರಶ್ನೆಗೆ ಉತ್ತರ ಕೊಟ್ಟಿತು. ಹೌಸಿಯಲ್ಲಿ ಒಮ್ಮೆ ತೆಗೆದ ಸಂಖ್ಯೆಯನ್ನು ಮತ್ತೆ ಚೀಲಕ್ಕೆ ಹಾಕುವುದಿಲ್ಲ. ಆದ್ದರಿಂದ ಹೊತ್ತು ಹೋದಂತೆ, ಬಾರದೆ ಉಳಿದ ಸಂಖ್ಯೆ ಬರುವ ಸಮಯ ನಿಜವಾಗಿಯೂ ಹತ್ತಿರವಾಗುತ್ತದೆ. ನಮ್ಮ ಮನಸ್ಸು ಇಂಥ ಆಟಗಳಲ್ಲಿ ಪಳಗಿದ್ದು. ಸ್ಲಾಟ್ ಮಷೀನಿನಲ್ಲಿ ಹಾಗಲ್ಲ. ಪ್ರತಿ ಸಲವೂ ಎಲ್ಲ ತೊಂಬತ್ತನ್ನೂ ಮತ್ತೆ ಚೀಲಕ್ಕೆ ಹಾಕಿ ಕುಲುಕಿ ಒಂದನ್ನು ತೆಗೆದಂತೆ. ಒಳಗಿನ ಗಣಕ ಆಡುವವರಿರಲಿ ಇಲ್ಲದಿರಲಿ ಎಡೆಬಿಡದೆ ಅಂಕಿಗಳನ್ನು ಹೊರಡಿಸುತ್ತಲೇ ಇರುತ್ತದೆ. ಗುಂಡಿ ಒತ್ತಿದ ಕ್ಷಣಕ್ಕೆ ಸಿಕ್ಕಿದ ಅಂಕಿಯೇ ಫಲಿತಾಂಶ. ಹಿಂದಿನ ಸಾವಿರ ಸೋಲುಗಳ ನೆನಪು ಅದಕ್ಕಿಲ್ಲ. ಒಳಗೆ ಎಷ್ಟು ಹಣ ಸೇರಿದೆ ಎಂಬುದನ್ನೂ ಅದು ನೋಡುವುದಿಲ್ಲ.

ಶೇಕಡಾವಾರು ಲೆಕ್ಕವೂ ನಮ್ಮನ್ನು ದಾರಿ ತಪ್ಪಿಸುತ್ತದೆ. ಪಣದಲ್ಲಿ ಕನಿಷ್ಠ ಶೇಕಡ 75 ಹಿಂದಿರುಗುವಂತೆ ಯಂತ್ರವಿರಬೇಕೆಂದು ನೆವಾಡದ ನಿಯಮ. ನ್ಯೂಜೆರ್ಸಿಯಲ್ಲಿ ಶೇಕಡ 83. ಹೆಚ್ಚಿನ ಯಂತ್ರಗಳು ಇದಕ್ಕಿಂತಲೂ ಹೆಚ್ಚು ಹಿಂದಿರುಗಿಸುತ್ತವೆ. ಶೇಕಡ 95 ಕೊಡುವ ಯಂತ್ರವೊಂದಿದೆ ಎನ್ನೋಣ. ಸಾವಿರ ರೂಪಾಯಿ ಒಯ್ದವನು ಒಂಬೈನೂರ ಐವತ್ತರೊಂದಿಗೆ ಮನೆಗೆ ಬರಬಹುದೆಂದು ನಿಮಗೆ ಅನಿಸೀತು. ಆದರೆ ಆ ಶೇಕಡ 95 ಪ್ರತಿ ಸುತ್ತಿನ ಪಣದ ಮೇಲಿನದು. ಸುತ್ತಿಗೆ ಹತ್ತು ರೂಪಾಯಿಯಂತೆ ನಿಮಿಷಕ್ಕೆ ಹತ್ತು ಸುತ್ತು ಆಡಿದರೆ ಗಂಟೆಗೆ ಆರುನೂರು ಸುತ್ತು, ಆರು ಸಾವಿರ ರೂಪಾಯಿ ಪಣ. ಅದರ ಶೇಕಡ 5, ಎಂದರೆ ಮುನ್ನೂರು ರೂಪಾಯಿ, ಸರಾಸರಿಯಾಗಿ ಪ್ರತಿ ಗಂಟೆಗೂ ಹೋಗುತ್ತದೆ. ಗೆದ್ದದ್ದನ್ನೇ ಮತ್ತೆ ಮತ್ತೆ ಹಾಕುತ್ತಿರುವುದರಿಂದ ಒಯ್ದ ಸಾವಿರ ಮೂರ್ನಾಲ್ಕು ಗಂಟೆಯಲ್ಲಿ ಕರಗಿ ಹೋಗುವುದು ಯಂತ್ರದ ತಪ್ಪಿನಿಂದಲ್ಲ. ಅದು ಲೆಕ್ಕ ಸರಿಯಾಗಿಯೇ ನಡೆದದ್ದರ ಫಲ.

ಹಾಗಾದರೆ ಕೋಟ್ಯಂತರ ಗೆದ್ದವರ ಸುದ್ದಿ ಸುಳ್ಳೇ? ಸುಳ್ಳಲ್ಲ. 1986ರಲ್ಲಿ ಐಜಿಟಿ ಕಂಪನಿ ನೆವಾಡದ ಬೇರೆ ಬೇರೆ ಕ್ಯಾಸಿನೊಗಳ ಯಂತ್ರಗಳನ್ನು ದೂರವಾಣಿ ತಂತಿಯ ಮೂಲಕ ಒಂದಕ್ಕೊಂದು ಬೆಸೆದು 'ಮೆಗಾಬಕ್ಸ್' ಎಂಬ ಬಹುಮಾನ ಆರಂಭಿಸಿತು. ಪ್ರತಿಯೊಬ್ಬರ ಪಣದಿಂದ ಒಂದು ಚಿಕ್ಕ ಪಾಲು ಒಂದೇ ಹುಂಡಿಗೆ ಸೇರುತ್ತ ಬೆಳೆಯುತ್ತದೆ. 2003ರ ಮಾರ್ಚಿಯಲ್ಲಿ ಲಾಸ್ ವೇಗಸ್ ನಗರದ ಎಕ್ಸ್‌ಕ್ಯಾಲಿಬರ್ ಕ್ಯಾಸಿನೊದಲ್ಲಿ ಒಬ್ಬ ತರುಣನಿಗೆ 3.97 ಕೋಟಿ ಡಾಲರ್ ಬಂತು. ಅದು ಬರುವ ಅವಕಾಶ ಸುಮಾರು ಐದು ಕೋಟಿಯಲ್ಲಿ ಒಂದು ಎಂದು ಲೆಕ್ಕ ಹಾಕಿದ್ದಾರೆ. ಅವನ ಗೆಲುವಿನ ಸುದ್ದಿ ಪತ್ರಿಕೆಗಳಲ್ಲಿ ಬಂತು. ಆ ಹುಂಡಿಯನ್ನು ತುಂಬಿದವರ ಸುದ್ದಿ ಬರಲಿಲ್ಲ, ಬರುವಂತೆಯೂ ಇಲ್ಲ.

ಅಮೆರಿಕದ ಮಾನವಶಾಸ್ತ್ರಜ್ಞೆ ನತಾಶಾ ಡೌ ಷುಲ್ ಲಾಸ್ ವೇಗಸ್ಸಿನಲ್ಲಿ ಹಲವು ವರ್ಷ ಈ ಆಟಗಾರರ ನಡುವೆ ಅಧ್ಯಯನ ಮಾಡಿ 2012ರಲ್ಲಿ ಒಂದು ಗ್ರಂಥ ಪ್ರಕಟಿಸಿದರು. ಗೀಳು ಹತ್ತಿದವರು ಕೊನೆಕೊನೆಗೆ ಗೆಲ್ಲಲು ಆಡುವುದಿಲ್ಲ. ಹೊರಗಿನ ಲೋಕವೆಲ್ಲ ಅಳಿಸಿ ಹೋಗುವ ಒಂದು ಮಂಪರಿನಲ್ಲಿ ಮುಂದುವರಿಯಲು ಆಡುತ್ತಾರೆ ಎಂಬುದು ಅವರು ಕಂಡ ಸತ್ಯ. ಇದನ್ನು ಓದುವಾಗ ನನಗೆ ನಮ್ಮ ಹುಡುಗ ಹೇಳಿದ ಒಂದು ಮಾತು ನೆನಪಾಯಿತು. ಅವನ ಪ್ರವಾಸಿ ಹಡಗಿನಲ್ಲಿಯೂ ಕ್ಯಾಸಿನೊ ಇದೆ; ಕೆಲಸಗಾರರಿಗೆ ಅಲ್ಲಿ ಆಡುವಂತಿಲ್ಲ. ರಾತ್ರಿ ಪಾಳಿಯಲ್ಲಿ ಊಟದ ತಟ್ಟೆ ಒಯ್ಯುವಾಗ ಕೆಲವು ವೃದ್ಧ ಪ್ರಯಾಣಿಕರು ಯಂತ್ರದ ಮುಂದಿಂದ ತಲೆ ಎತ್ತದೆಯೇ ಕೈ ಚಾಚುತ್ತಿದ್ದರಂತೆ. ಹಡಗು ಯಾವ ಬಂದರಿನಲ್ಲಿ ನಿಂತಿದೆ ಎಂದೂ ಅವರಿಗೆ ತಿಳಿದಿರುತ್ತಿರಲಿಲ್ಲವಂತೆ.

ನಮ್ಮ ನೆರೆಯ ಗೋವೆಯಲ್ಲಿ 1992ರ ಕಾನೂನು ತಿದ್ದುಪಡಿ ಪಂಚತಾರಾ ಹೋಟೆಲುಗಳಲ್ಲಿ ಸ್ಲಾಟ್ ಮಷೀನುಗಳಿಗೆ ಬಾಗಿಲು ತೆರೆಯಿತು. 1996ರ ತಿದ್ದುಪಡಿ ಹಡಗುಗಳಿಗೂ ದಾರಿ ಮಾಡಿತು. ಹಳೆ ಗೋವೆಗೆ ಯಾತ್ರೆ ಹೋಗುವ ನಮ್ಮ ಬಸ್ಸುಗಳು ಪಣಜಿಯ ಸೇತುವೆ ದಾಟುವಾಗ ನೀವೇ ಆ ಹಡಗುಗಳ ದೀಪಗಳನ್ನು ನೋಡಿದ್ದೀರಿ. ಈಗ ಅಷ್ಟು ದೂರ ಹೋಗಬೇಕಾಗಿಯೂ ಇಲ್ಲ. ಅದೇ ಮೂರು ಚಕ್ರಗಳು ಮೊಬೈಲ್ ಫೋನಿನೊಳಗೆ ಬಂದು ಕುಳಿತಿವೆ. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾನೂನನ್ನು ನಮ್ಮ ಸಂಸತ್ತು 2025ರ ಆಗಸ್ಟಿನಲ್ಲಿ ಅಂಗೀಕರಿಸಿತು. ನ್ಯೂಯಾರ್ಕಿನಿಂದ ನ್ಯೂ ಆರ್ಲಿಯನ್ಸಿಗೆ ಹೋದ ಪೆಟ್ಟಿಗೆಗಳ ಕಥೆ ಓದಿದ ಮೇಲೆ, ಮನೆಯವರು ಮಕ್ಕಳ ಕೈಯಲ್ಲಿರುವ ಫೋನಿನ ಕಡೆಗೂ ಒಂದು ಕಣ್ಣಿಟ್ಟಿರುವುದು ಒಳ್ಳೆಯದೆಂದು ನನಗೆ ತೋರುತ್ತದೆ.

ಹಡಗಿಗೆ ಮರಳುವ ಮುನ್ನ ಹುಡುಗ ವಿದಾಯ ಹೇಳಲು ಬಂದಿದ್ದ. ನಾನು ಅವನ ಮುಂದೆ ಒಂದು ಕಾಗದ ಮತ್ತು ಪೆನ್ಸಿಲ್ ಇಟ್ಟೆ. ಅರವತ್ತನಾಲ್ಕನ್ನು ಅರವತ್ತನಾಲ್ಕರಿಂದ, ಮತ್ತೆ ಅರವತ್ತನಾಲ್ಕರಿಂದ ಗುಣಿಸಲು ಹೇಳಿದೆ. ಫೋನು ತೆಗೆಯಲು ಹೋದವನನ್ನು ತಡೆದು, ಕೈಯಲ್ಲೇ ಮಾಡು ಎಂದೆ. ಒಂದು ಸಲ ತಪ್ಪಿದ, ಎರಡನೆಯ ಸಲ ಸರಿಯಾಯಿತು. ಆ ಸಂಖ್ಯೆಯನ್ನು ಬಹಳ ಹೊತ್ತು ನೋಡುತ್ತ ಕುಳಿತ. "ಫಾದರ್, ಹಾಗಾದರೆ ಬೆಳಗಿನವರೆಗೆ ಕೂತಿದ್ದರೂ..." ಎಂದು ಆರಂಭಿಸಿದವನು ಮಾತು ಮುಗಿಸಲಿಲ್ಲ. ಕಾಗದವನ್ನು ಮಡಚಿ ಕಿಸೆಯಲ್ಲಿಟ್ಟುಕೊಂಡ. ಹಡಗಿನಲ್ಲಿ ತನ್ನೊಂದಿಗೆ ಕೋಣೆ ಹಂಚಿಕೊಂಡಿರುವ ಗೆಳೆಯನಿಗೆ ತೋರಿಸಬೇಕಂತೆ. ಅವರ ಮನೆಯ ಮಾಡಿನ ಮುಂಭಾಗಕ್ಕೆ ಈ ವರ್ಷ ಹೊಸ ಹಂಚು ಬಿದ್ದಿದೆ. ಅಡಿಗೆಮನೆಯ ಕಡೆಯದು ಅವನ ಮುಂದಿನ ರಜೆಗೆ.